ಆನೆಯ ಮಾತು ಕೇಳುವ ಕಾಲು

ಉತ್ತಯ್ಯನಿಗೆ ಬದುಕಿನಲ್ಲಿ ಉಳಿದಿದ್ದದ್ದು ಒಂದೇ ಆಸೆ. ತನ್ನ ಕಾಲ ಮೇಲೆ ತಾನೇ ನಿಂತು, ಯಾರೂ ಹಿಡಿದುಕೊಳ್ಳದೆ, ತೋಟದಲ್ಲಿ ಒಬ್ಬನೇ ಉಚ್ಚೆ ಹೊಯ್ಯಬೇಕು. ಅರವತ್ತು ದಾಟಿದ ಗಂಡಸು ಕಾಶಿಯಾತ್ರೆಯನ್ನೋ ಮೋಕ್ಷವನ್ನೋ ಬಯಸಬೇಕೆಂದು ಲೋಕ ಹೇಳುತ್ತದೆ. ಹೇಳಲಿ. ಲೋಕಕ್ಕೆ ಲಕ್ವ ಹೊಡೆದಿರಲಿಲ್ಲ, ಉತ್ತಯ್ಯನಿಗೆ ಹೊಡೆದಿತ್ತು.

ಹೊಡೆದದ್ದು ಮಳೆಗಾಲದ ಕೊನೆಯಲ್ಲಿ, ಭಾಗಮಂಡಲದ ಬಸ್‌ಸ್ಟ್ಯಾಂಡಿನಲ್ಲಿ. ಮಡಿಕೇರಿ ಬಸ್ಸು ತಡವಾಗಿ ಬಂದದ್ದಕ್ಕೆ ಕಂಡಕ್ಟರನಿಗೆ ಅವನ ಇಡೀ ವಂಶದ ಪರಿಚಯ ಮಾಡಿಕೊಡುತ್ತಿದ್ದಾಗ ಎಡಗಾಲು ಕೈಕೊಟ್ಟಿತು, ಎಡಗೈಯೂ ಅದರ ಹಿಂದೆಯೇ ಹೋಯಿತು. ಬಾಯಿಗೆ ಮಾತ್ರ ಏನೂ ಆಗಲಿಲ್ಲ. ನೆಲಕ್ಕೆ ಬಿದ್ದ ಮೇಲೂ ಬೈಗುಳವನ್ನು ಪೂರ್ತಿ ಮುಗಿಸಿಯೇ ಸುಮ್ಮನಾದ. ದೇವರು ಏನಾದರೊಂದು ತೆಗೆದುಕೊಳ್ಳಲೇಬೇಕಿದ್ದರೆ ಬಾಯಿಯನ್ನು ತೆಗೆದುಕೊಂಡು ಕಾಲನ್ನು ಬಿಡಬಹುದಿತ್ತೆಂದು ನೋಡಲು ಬಂದ ನೆಂಟರಲ್ಲಿ ಅರ್ಧ ಮಂದಿಗಾದರೂ ಅನ್ನಿಸಿರಬೇಕು.

ಅಂದಿನಿಂದ ಬಚ್ಚಲಿಗೆ ಹೋಗಬೇಕೆಂದರೆ ಜೊತೆಗೆ ಹೆಂಡತಿ ಹೊನ್ನಮ್ಮ. ಅವಳು ಹಿಂದಿನಿಂದ ಸೊಂಟಕ್ಕೆ ಕೈಹಾಕಿ ಅವನನ್ನು ನೆಟ್ಟಗೆ ನಿಲ್ಲಿಸಿಕೊಂಡು, ಮರ್ಯಾದೆಗೆಂದು ತಾನು ಮಾಡಿನ ಹಂಚು ನೋಡುತ್ತ ನಿಲ್ಲುವಳು. ಹೆಂಡತಿಯೆದುರು ನಾಚಿಕೆಯೆಂಬುದು ಯಾವ ಕಾಲಕ್ಕೋ ಮುಗಿದುಹೋಗಿದೆ ಎಂದುಕೊಂಡಿದ್ದ ಉತ್ತಯ್ಯನಿಗೆ ಅದು ಮುಗಿದಿಲ್ಲವೆಂದು ಈಗ ತಿಳಿಯಿತು. ಪ್ರತಿ ಸಲವೂ ಅವನಿಗೆ ಸಾಯುವಷ್ಟು ಅವಮಾನವಾಗುತ್ತಿತ್ತು. ಇದಕ್ಕಾಗಿಯೇ ನೀರು ಕುಡಿಯುವುದನ್ನು ಕಡಿಮೆ ಮಾಡಿದ. ಡಾಕ್ಟರು ನೀರು ಕುಡಿಯಿರಿ ಎಂದು ಬೈದರು, ಕುಡಿದ, ಮತ್ತೆ ಹೊನ್ನಮ್ಮನನ್ನು ಕರೆದ. ಅವಳು ಒಲೆಯ ಮೇಲಿನ ಸಾರನ್ನು ಉಕ್ಕಲು ಬಿಟ್ಟು ಓಡಿಬಂದಳು.

ಮಡಿಕೇರಿಯ ಹೊರಗೆ ಗುಡ್ಡದ ಮೇಲೆ ಹೊಸದಾಗಿ ತೆರೆದಿದ್ದ ಪುನಶ್ಚೇತನ ಕೇಂದ್ರಕ್ಕೆ ಲಕ್ವದವರಿಗೆ ನಡೆಯಲು ಕಲಿಸುವ ರೋಬೋ ಬಂದಿದೆಯೆಂದು ಕೇಳಿದಾಗ ಉತ್ತಯ್ಯ ಮೊದಲು ನಕ್ಕ. ಆಮೇಲೆ ಬಚ್ಚಲು ನೆನಪಾಯಿತು. ಜೀಪು ಹತ್ತಿದ.

ರೋಬೋ ಎಂದರೆ ಕೈಕಾಲಿರುವ ಕಬ್ಬಿಣದ ಮನುಷ್ಯ, ಬಂದು ಕೈಹಿಡಿದು ನಡೆಸುತ್ತಾನೆ ಎಂದು ಅವನು ತಿಳಿದಿದ್ದ. ಹಾಗೇನೂ ಇರಲಿಲ್ಲ. ಕಾಲ ಕೆಳಗೆ ಓಡುವ ಪಟ್ಟಿ, ಮೇಲೊಂದು ಕಂಬ, ಕಂಬದಿಂದ ಇಳಿಬಿಟ್ಟ ಬೆಲ್ಟುಗಳು. ಎದೆಗೂ ತೊಡೆಸಂದಿಗೂ ಬೆಲ್ಟು ಬಿಗಿದು ಅವನನ್ನು ಮೇಲಕ್ಕೆತ್ತಿದರು. ಎರಡು ಕಾಲಿಗೂ ಹೊರಗಿನಿಂದ ಕಬ್ಬಿಣದ ಕಾಲು ಕಟ್ಟಿದರು. ಆ ಕಾಲುಗಳು ಬಾಗಿ ಎದ್ದು ಮುಂದೆ ಹೋದಂತೆಲ್ಲ ಅವನ ಕಾಲೂ ಹೋಗುತ್ತಿತ್ತು. ಹುತ್ತರಿ ಹಬ್ಬಕ್ಕೆ ಕೊಯ್ದು ನೇತುಹಾಕಿದ ಹಂದಿಗೂ ಇದಕ್ಕಿಂತ ಹೆಚ್ಚು ಮರ್ಯಾದೆ ಇರುತ್ತದೆ ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದನ್ನು ಹೇಳಿಯೂ ಬಿಟ್ಟ.

"ಅಂಕಲ್, ಮಾತಾಡ್ಬೇಡಿ, ನಡೀರಿ," ಎಂದಳು ದಿವ್ಯಶ್ರೀ. ಮೈಸೂರಿನ ಹುಡುಗಿ. ಮಿಷನ್ನನ್ನೂ ಅದಕ್ಕೆ ಕಟ್ಟಿದವರನ್ನೂ ನೋಡಿಕೊಳ್ಳುವ ಥೆರಪಿಸ್ಟ್. ಉತ್ತಯ್ಯನ ಬಾಯಿಗೆ ಹೆದರದೆ ಇದ್ದವರು ಆ ಕಟ್ಟಡದಲ್ಲಿ ಅವಳೊಬ್ಬಳೇ.

ಆಮೇಲೆ ಕಣ್ಣಿಗೆ ಒಂದು ದಪ್ಪ ಕನ್ನಡಕ ಹಾಕಿದಳು. ಆಸ್ಪತ್ರೆ ಮಾಯವಾಗಿ ಯಾವುದೋ ದೇಶದ ಪಾರ್ಕು ಬಂತು. ಹಳದಿ ಎಲೆ ಉದುರಿದ ದಾರಿ, ಕೆರೆ, ಕೆರೆಯಲ್ಲಿ ಬಾತುಕೋಳಿ. ಚಿತ್ರದ ಕೆಳಗಂಚಿನಲ್ಲಿ ಎರಡು ಕಾಲಿಗೆ ಎರಡು ಬಣ್ಣದ ಪಟ್ಟಿ. ಕಾಲು ತಾನಾಗಿ ಎಷ್ಟು ದುಡಿಯಿತೋ ಅಷ್ಟು ಹಸಿರು ಏರುತ್ತದೆ, ಉಳಿದದ್ದನ್ನು ಮಿಷನ್ನು ದುಡಿಯುತ್ತದೆ. ಬಲಗಾಲಿನ ಪಟ್ಟಿ ತುಂಬಿತು. ಎಡಗಾಲಿನದು ಖಾಲಿ. ಎಡಗಾಲು ಪಲ್ಲಕ್ಕಿಯಲ್ಲಿ ಕೂತ ಸ್ವಾಮಿಗಳ ಹಾಗೆ ಮಿಷನ್ನಿನ ಮೇಲೆ ಸುಮ್ಮನೆ ಸವಾರಿ ಮಾಡುತ್ತಿತ್ತು.

"ಎಂತ ಊರು ಮಾರಾಯ್ತಿ ಇದು?" ಎಂದ ಉತ್ತಯ್ಯ. "ಒಂದು ಹೋಟ್ಲಿಲ್ಲ, ಒಂದು ಬಾರಿಲ್ಲ, ಜಗಳ ಮಾಡ್ಲಿಕ್ಕೆ ಒಬ್ಬ ಮನುಷ್ಯ ಇಲ್ಲ. ಇಲ್ಲಿ ನಡ್ದು ಹೋಗುದಾದ್ರೂ ಎಲ್ಲಿಗೆ?"

ದಿವ್ಯಶ್ರೀ ನಕ್ಕಳು. ಆದರೆ ಆ ಮಾತು ಅವಳ ತಲೆಯಲ್ಲಿ ಉಳಿಯಿತು. ಪಾರ್ಕಿನಲ್ಲಿ ನಡೆಯಲು ಈ ಊರಿನ ಯಾರಿಗೂ ಮನಸ್ಸಿಲ್ಲ ಎಂದು ಅವಳೇ ಸಾಫ್ಟ್‌ವೇರಿನವರ ಬೆನ್ನುಹತ್ತಿ ಹೊಸ ದಾರಿಯೊಂದನ್ನು ಮಾಡಿಸಿಕೊಂಡಳು. ಕೆಂಪು ಮಣ್ಣಿನ ಎಸ್ಟೇಟ್ ರಸ್ತೆ, ಎರಡೂ ಕಡೆ ಕಾಫಿ, ಸಿಲ್ವರ್ ಮರಕ್ಕೆ ಹಬ್ಬಿದ ಕರಿಮೆಣಸು. ರಸ್ತೆಯ ತಿರುವಿನಲ್ಲಿ, ನಡೆಯುವವರಿಗೆ ಖುಷಿಯಾಗಲೆಂದು, ಒಂದು ಆನೆ. ಅದರ ಹತ್ತಿರ ನಡೆದು ಹೋದರೆ ಸೊಂಡಿಲೆತ್ತಿ ಆಶೀರ್ವಾದ ಮಾಡುತ್ತದೆ, ಅಂಕ ಸಿಗುತ್ತದೆ. ಅವಳಿಗೆ ಆನೆಯೆಂದರೆ ದಸರೆಯ ಆನೆ. ಹಣೆಗೆ ಬಣ್ಣ ಬಳಿದುಕೊಂಡು ಬಾಳೆಹಣ್ಣು ತಿನ್ನುವ ಸಾಧುಪ್ರಾಣಿ.

ಹೊಸ ದಾರಿಗೆ ಮೊದಲು ಇಳಿದವನು ಉತ್ತಯ್ಯ. ಕಾಫಿಗಿಡ ಕಂಡದ್ದೇ ಅವನ ಕಣ್ಣು ಒದ್ದೆಯಾಯಿತು. ಕನ್ನಡಕದೊಳಗೆ ಯಾರಿಗೂ ಕಾಣಲಿಲ್ಲವಾದ್ದರಿಂದ ಬೈಯಲು ಶುರುಮಾಡಿದ. ನೆರಳು ಜಾಸ್ತಿಯಾಯಿತು, ಮರದ ಕೊಂಬೆ ಕಡಿಸಿಲ್ಲ, ಈ ತೋಟದ ಕೆಲಸ ನೋಡುವ ರೈಟರು ಯಾರು, ಅವನನ್ನು ಮೊದಲು ಓಡಿಸಬೇಕು. ಹೀಗೆ ಬೈಯುತ್ತ ತಿರುವಿಗೆ ಬಂದ. ಅಲ್ಲಿ ಆನೆ ಇತ್ತು.

ಮಿಷನ್ನು ಕೀಂಯ್ ಎಂದು ಕಿರುಚಿ ನಿಂತುಬಿಟ್ಟಿತು.

"ಏನಾಯ್ತು ಅಂಕಲ್? ನೋವಾಯ್ತಾ?"

"ಶ್!" ಎಂದ ಉತ್ತಯ್ಯ. ಉಸಿರು ಬಿಗಿಹಿಡಿದಿದ್ದ. ಎದೆಬಡಿತ ತೋರಿಸುವ ಗೆರೆ ಮೇಲೆ ಹಾರುತ್ತಿತ್ತು.

"ಅದು ಬರೀ ಚಿತ್ರ ಅಂಕಲ್. ಏನೂ ಮಾಡಲ್ಲ. ಹತ್ರ ಹೋಗಿ, ಆಶೀರ್ವಾದ ಮಾಡತ್ತೆ."

"ಆಶೀರ್ವಾದ!" ಎಂದು ಉತ್ತಯ್ಯ ಪಿಸುಗುಟ್ಟಿದ. "ಆನೆ ಕಂಡ್ರೆ ನಮ್ಮಲ್ಲಿ ಯಾರೂ ಮುಂದೆ ಹೋಗುದಿಲ್ಲ ಮಗಳೇ. ನಿಲ್ಲುದು. ಗಾಳಿ ಯಾವ ಕಡೆ ಅಂತ ನೋಡುದು. ಸದ್ದಾಗದ ಹಾಗೆ ಹಿಂದೆ ಬರುದು. ಚಿತ್ರ ಅಂತ ನಂಗೆ ಗೊತ್ತುಂಟು. ನನ್ನ ಕಾಲಿಗೆ ಯಾರು ಹೇಳುದು?"

ಮರುದಿನವೂ ಅದೇ ಕಥೆ. ಅದರ ಮರುದಿನವೂ. ತಿರುವಿಗೆ ಬಂದದ್ದೇ ಮಿಷನ್ನು ಕಿರುಚುವುದು, ನಿಲ್ಲುವುದು. ಅವನಷ್ಟೇ ಅಲ್ಲ, ಬಿಟ್ಟಂಗಾಲದ ತೋಟದಿಂದ ಬರುತ್ತಿದ್ದ ರುದ್ರಮ್ಮನೂ ತಿರುವಿನಲ್ಲಿ ನಿಂತುಬಿಟ್ಟು, ಬೇಕಿದ್ದರೆ ನೀನೇ ಮುಂದೆ ಹೋಗು ಎಂದು ದಿವ್ಯಶ್ರೀಗೆ ಹೇಳಿದರಂತೆ.

ಕೇಂದ್ರದ ಮುಖ್ಯಸ್ಥರು ಡಾಕ್ಟರ್ ರೇಣುಕಪ್ರಸಾದ್. ಕಾಡಂಚಿನ ಕುಟ್ಟದ ಕಡೆಯವರು, ಆದರೆ ಹೊರಗೆ ಓದಿ ಬಂದು ಊರನ್ನು ಪೂರ್ತಿ ತೊಳೆದುಕೊಂಡವರು. ಅವರು ಕಂಪ್ಯೂಟರಿನಲ್ಲಿ ಅಂಕ ನೋಡಿದರು, ಉತ್ತಯ್ಯನನ್ನು ನೋಡಲಿಲ್ಲ. ಇರುವುದು ಒಂದೇ ಮಿಷನ್ನು, ಹೊರಗೆ ಕಾಯುವವರ ಸಾಲು ದೊಡ್ಡದು. ಬರುವ ವಾರದ ಪರೀಕ್ಷೆಯಲ್ಲಿ ಎಡಗಾಲು ಸ್ವಲ್ಪವಾದರೂ ದುಡಿದದ್ದು ಕಾಣದಿದ್ದರೆ ಇವರ ಜಾಗ ಇನ್ನೊಬ್ಬರಿಗೆ, ಇವರಿಗೆ ಗಾಲಿಕುರ್ಚಿ ಎಂದರು. ಉತ್ತಯ್ಯನೆದುರೇ, ಅವನು ಅಲ್ಲಿ ಇಲ್ಲವೇನೋ ಎಂಬಂತೆ ಹೇಳಿದರು.

ಉತ್ತಯ್ಯ ಏನೂ ಬೈಯಲಿಲ್ಲ. ಗಾಲಿಕುರ್ಚಿಯೆಂದರೆ ಸಾಯುವವರೆಗೂ ಹೊನ್ನಮ್ಮ ಹಂಚು ನೋಡುತ್ತ ನಿಲ್ಲುವುದು. ಅವನು ಬೈಯದೆ ಉಳಿದದ್ದು ಕಂಡು ದಿವ್ಯಶ್ರೀಗೆ ಹೆದರಿಕೆಯಾಯಿತು.

ಅವಳು ಅಂದು ಎಲ್ಲರೂ ಊಟಕ್ಕೆ ಹೋದ ಮೇಲೆ ಮಿಷನ್ನು ಬರೆದಿಟ್ಟುಕೊಂಡಿದ್ದ ಗೆರೆಗಳನ್ನು ಮತ್ತೊಮ್ಮೆ ನೋಡಿದಳು. ಮಿಷನ್ನು ಸುಮ್ಮನೆ ನಿಲ್ಲುವುದಿಲ್ಲ, ಯಾವುದಾದರೂ ಕಾಲು ಅದಕ್ಕೆ ಅಡ್ಡ ನಿಂತರೆ ಮಾತ್ರ ನಿಲ್ಲುತ್ತದೆ. ಬಲಗಾಲು ಅಡ್ಡ ನಿಂತಿರಬೇಕೆಂದು ಎಲ್ಲರೂ ತಿಳಿದಿದ್ದರು. ಗೆರೆ ಬೇರೆಯೇ ಹೇಳುತ್ತಿತ್ತು. ಆನೆ ಕಂಡಾಗಲೆಲ್ಲ ಮಿಷನ್ನನ್ನು ಹಿಡಿದು ನಿಲ್ಲಿಸಿದ್ದು ಎಡಗಾಲು.

"ಅಂಕಲ್!" ಎಂದು ಅವಳು ಕಾರಿಡಾರಿನಲ್ಲಿ ಅಕ್ಕಿರೊಟ್ಟಿ ತಿನ್ನುತ್ತಿದ್ದವನ ಮುಂದೆ ಬಂದು ನಿಂತಳು. "ನಿಮ್ಮ ಎಡಗಾಲು ಸತ್ತಿಲ್ಲ."

"ಮತ್ತೆ? ನನ್ನ ಮಾತು ಯಾಕೆ ಕೇಳುದಿಲ್ಲ?"

"ನಿಮ್ಮ ಮಾತು ಕೇಳಲ್ಲ. ಆನೆ ಮಾತು ಕೇಳತ್ತೆ."

ಪಕ್ಕದಲ್ಲಿ ಕೂತಿದ್ದ ಹೊನ್ನಮ್ಮ, "ನನ್ನ ಮದುವೆ ಆದಾಗಿನಿಂದ ಇವರ ಎಲ್ಲ ಅಂಗವೂ ಹಾಗೇ," ಎಂದಳು.

ದಿವ್ಯಶ್ರೀ ಇಬ್ಬರಿಗೂ ಬಿಡಿಸಿ ಹೇಳಿದಳು. ಮಳೆಗಾಲದಲ್ಲಿ ಗುಡ್ಡ ಕುಸಿದು ಮೇನ್ ರೋಡು ಬಂದ್ ಆಗುತ್ತದಲ್ಲ, ತಲೆಯೊಳಗೂ ಹಾಗೆಯೇ ಆಗಿದೆ. ಬೇಕೆಂದು ಕಾಲೆತ್ತುವ ದಾರಿ ಮುಚ್ಚಿಹೋಗಿದೆ. ಭಯಕ್ಕೆ, ನಗುವಿಗೆ ಬೇರೆ ಒಳದಾರಿಗಳಿವೆ. ನಗಿ ಎಂದು ಹೇಳಿದರೆ ನಗಲಾರದ ಲಕ್ವದ ಬಾಯಿಯೂ ತಮಾಷೆ ಕೇಳಿದರೆ ತಾನಾಗಿ ನಗುವುದುಂಟು. ಆನೆ ಆ ಒಳದಾರಿಯಿಂದ ಕಾಲಿಗೆ ಸುದ್ದಿ ಮುಟ್ಟಿಸುತ್ತಿದೆ. ಒಳದಾರಿಯಲ್ಲೇ ಓಡಾಡುತ್ತಿದ್ದರೆ ಒಂದು ದಿನ ಮೇನ್ ರೋಡೂ ತೆರೆದೀತು.

ಉತ್ತಯ್ಯ ರೊಟ್ಟಿ ಕೆಳಗಿಟ್ಟ. "ಹಾಗಾದ್ರೆ ಒಂದು ಕೆಲಸ ಮಾಡು. ಆನೆ ಎದುರಿಗೆ ಬೇಡ. ಹಿಂದೆ ಬಿಡು."

ಹಿಂದೆ ಬಿಟ್ಟಳು. ಕನ್ನಡಕದೊಳಗೆ ಆನೆ ಕಾಣುತ್ತಿರಲಿಲ್ಲ. ಬೆನ್ನ ಹಿಂದೆ ಗಿಡ ಮುರಿಯುವ ಸದ್ದು, ದೊಡ್ಡ ಉಸಿರು. ಉತ್ತಯ್ಯನ ಎಡಗಾಲಿನ ಪಟ್ಟಿಯಲ್ಲಿ ಒಂದಿಷ್ಟು ಹಸಿರು ಮಿಣುಕಿತು. ಮರುದಿನ ಇನ್ನೊಂದಿಷ್ಟು. ಸದ್ದಾಗದ ಹಾಗೆ, ಆದರೆ ತಡಮಾಡದೆ, ಆನೆಯ ಮುಂದೆ ಹೇಗೆ ಸರಿಯಬೇಕೋ ಹಾಗೆಯೇ ಅವನು ಸರಿದ. ಆನೆಗೆ ಕೇಳದಂತೆ ಪಿಸುದನಿಯಲ್ಲಿ ಅದನ್ನೂ ಅದರ ಅಪ್ಪನನ್ನೂ ಬೈದ. ದಿವ್ಯಶ್ರೀ ಚಪ್ಪಾಳೆ ತಟ್ಟಿದರೆ ಅವಳಿಗೂ ಬೈಗುಳ. ಅವನಿಗೆ ಹೇಳಲಾರದಷ್ಟು ಖುಷಿಯಾಗಿತ್ತು.

ಪರೀಕ್ಷೆಯ ದಿನ ಡಾಕ್ಟರು ಎಲ್ಲಕ್ಕೂ ನೀರೆರಚಿದರು.

"ಪರೀಕ್ಷೆಗೆ ಪಾರ್ಕ್ ಸೀನ್ ಮಾತ್ರ," ಎಂದರು. "ಎಲ್ಲಾ ಪೇಷೆಂಟಿಗೂ ಒಂದೇ ದಾರಿ ಇರಬೇಕು. ಒಬ್ಬರಿಗೆ ಬಾತುಕೋಳಿ, ಒಬ್ಬರಿಗೆ ಆನೆ ಅಂದ್ರೆ ಹೋಲಿಸೋದು ಹೇಗೆ?"

"ಸರ್, ಅವರ ಕಾಲು ಆನೆಗೆ..."

"ದಿವ್ಯಶ್ರೀ, ಇದು ಆಸ್ಪತ್ರೆ. ಸರ್ಕಸ್ ಅಲ್ಲ."

ಡಾಕ್ಟರು ಹೇಳಿದ್ದು ತಪ್ಪೂ ಅಲ್ಲ, ಅದೇ ಉತ್ತಯ್ಯನ ಹೊಟ್ಟೆ ಉರಿಸಿದ್ದು. ಬೆಲ್ಟು ಬಿಗಿದರು, ಎತ್ತಿದರು, ಕನ್ನಡಕ ಹಾಕಿದರು. ಹಳದಿ ಎಲೆಗಳ ದಾರಿ ಬಂತು. ಬಲಗಾಲು ನಡೆಯಿತು. ಎಡಗಾಲು ಮತ್ತೆ ಪಲ್ಲಕ್ಕಿ ಹತ್ತಿ ಕೂತಿತು. ಉತ್ತಯ್ಯ ಹಲ್ಲುಕಚ್ಚಿ ಅದಕ್ಕೆ ಆಜ್ಞೆ ಮಾಡಿದ, ಬೈದ, ಕೊನೆಗೆ ಮನಸ್ಸಿನಲ್ಲೇ ಕೈಮುಗಿದು ಬೇಡಿಕೊಂಡ. ಆನೆ ಇದೆ ಆನೆ ಇದೆ ಎಂದು ತನಗೆ ತಾನೇ ಹೇಳಿಕೊಂಡೂ ನೋಡಿದ. ಅವನ ಮಾತನ್ನು ಆ ಕಾಲು ಯಾವತ್ತು ಕೇಳಿತ್ತು? ಪಟ್ಟಿ ಖಾಲಿಯಾಗಿಯೇ ಉಳಿಯಿತು. ಕೆರೆಯಲ್ಲಿ ಬಾತುಕೋಳಿ ನೆಮ್ಮದಿಯಾಗಿ ಈಜುತ್ತಿತ್ತು. ಅದರ ಕತ್ತು ಹಿಸುಕಬೇಕೆನ್ನಿಸಿತು.

"ಸಾಕು, ನಿಲ್ಸಿ," ಎಂದು ಡಾಕ್ಟರು ಹೇಳುವುದು ಕೇಳಿಸಿತು. "ನೋಡಿದ್ರಲ್ಲ."

ಹೊರಗೆ ಕಾರಿಡಾರಿನ ಬೆಂಚಿನಲ್ಲಿ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಹೊನ್ನಮ್ಮನಿಗೂ ಅದು ಕೇಳಿಸಿತು. ಅವಳು ಫ್ಲಾಸ್ಕನ್ನು ಬೆಂಚಿನ ಮೇಲಿಟ್ಟು, ಸೆರಗು ಸಿಕ್ಕಿಸಿ, ಬಾಗಿಲಿಗೆ ಬಂದು ನಿಂತಳು.

ಕಾಡಂಚಿನ ತೋಟದವರು ಯಾವ ಸುಳ್ಳನ್ನಾದರೂ ಹೇಳುತ್ತಾರೆ. ಕಾಫಿ ತೂಕದಲ್ಲಿ ಹೇಳುತ್ತಾರೆ, ಮಗಳ ವಯಸ್ಸಿನಲ್ಲಿ ಹೇಳುತ್ತಾರೆ, ಕೋರ್ಟಿನಲ್ಲಿ ಪ್ರಮಾಣ ಮಾಡಿಯೂ ಹೇಳುತ್ತಾರೆ. ಒಂದು ಸುಳ್ಳನ್ನು ಮಾತ್ರ ಹೇಳುವುದಿಲ್ಲ. ಮಕ್ಕಳು ಆಟಕ್ಕೆ ಹೇಳಿದರೂ ಬೆನ್ನಿಗೆ ಬಾಸುಂಡೆ ಬರುತ್ತದೆ. ಹೊನ್ನಮ್ಮ ಹುಟ್ಟಿದಾಗಿನಿಂದ ಆ ಸುಳ್ಳನ್ನು ಹೇಳಿರಲಿಲ್ಲ.

"ಆನೆ ಉಟ್ಟು!" ಎಂದು ಅವಳು, ಉಂಟು ಎನ್ನುವುದನ್ನು ಮನೆಮಾತಿನಲ್ಲೇ ಹೇಳಿ, ಕಿರುಚಿದಳು. ಗುಡ್ಡದ ಈ ಬದಿಯಿಂದ ಆ ಬದಿಗೆ ಕೇಳಿಸುವ ತೋಟದ ಗಂಟಲು. "ಆನೆ! ನಿಮ್ಮ ಹಿಂದೆ ಉಟ್ಟು! ಹತ್ರ ಬಂತ್!"

ಅಟೆಂಡರ್ ನಿಂಗ ಊಟದ ಟ್ರಾಲಿಯನ್ನು ಇದ್ದಲ್ಲೇ ಬಿಟ್ಟು ಹಾಸಿಗೆಬಟ್ಟೆ ಇಡುವ ಲಿನನ್ ರೂಮಿಗೆ ನುಗ್ಗಿ ಬಾಗಿಲು ಹಾಕಿಕೊಂಡ. ತಮ್ಮ ಸರದಿಗೆ ಕಾಯುತ್ತಿದ್ದ ರುದ್ರಮ್ಮ, ಕತ್ತಿಗೆ ಪಟ್ಟಿ ಕಟ್ಟಿಕೊಂಡು ಎಷ್ಟೋ ದಿನದಿಂದ ಕತ್ತು ತಿರುಗಿಸದೆ ಇದ್ದವರು, ಸರಕ್ಕನೆ ಪೂರ್ತಿ ಹಿಂದೆ ತಿರುಗಿ ನೋಡಿದರು. ಕಾರಿಡಾರಿನಲ್ಲಿದ್ದವರೆಲ್ಲ ಗೋಡೆಗೆ ಒತ್ತಿಕೊಂಡರು. ಇದು ಕಟ್ಟಡದ ಮೇಲಿನ ಮಹಡಿ, ಮೆಟ್ಟಿಲು ಹತ್ತಿ ಬರುವ ಆನೆ ಇನ್ನೂ ಹುಟ್ಟಿಲ್ಲ ಎಂದು ಯೋಚಿಸುವ ವ್ಯವಧಾನ ಯಾರಿಗೂ ಇರಲಿಲ್ಲ. ದಿವ್ಯಶ್ರೀ ಒಬ್ಬಳು ಮಾತ್ರ "ಎಲ್ಲಿ? ಎಲ್ಲಿ?" ಎನ್ನುತ್ತ ಫೋಟೋ ತೆಗೆಯಲು ಕಿಟಕಿಗೆ ಓಡಿದಳು.

ಡಾಕ್ಟರ್ ರೇಣುಕಪ್ರಸಾದ್ ಮೇಜಿನ ಮೇಲಿದ್ದರು. ಹೇಗೆ ಹತ್ತಿದರೆಂದು ಅವರಿಗೂ ಗೊತ್ತಿರಲಿಲ್ಲ. ಬೂಟುಕಾಲಲ್ಲಿ ಮೇಜಿನ ಮೇಲೆ ನಿಂತು, ಎಷ್ಟೋ ವರ್ಷಗಳ ಓದನ್ನೆಲ್ಲ ಕೆಳಗೇ ಬಿಟ್ಟು, ಆನೆ ಬಂದ ರಾತ್ರಿ ಕುಟ್ಟದ ಮನೆಗಳಲ್ಲಿ ಕೂಗುವ ಹಾಗೆ, "ಅಯ್ಯೋ ಅಮ್ಮಾ, ಲೈಟ್ ಆಫ್ ಮಾಡಿ, ಲೈಟ್ ಆಫ್ ಮಾಡಿ!" ಎನ್ನುತ್ತಿದ್ದರು.

ಉತ್ತಯ್ಯನಿಗೆ ಇದೊಂದೂ ಕಾಣಲಿಲ್ಲ. ಅವನ ಕಣ್ಣೆದುರು ಹಳದಿ ಎಲೆ, ಬಾತುಕೋಳಿ. ಕಿವಿಯಲ್ಲಿ ಹೊನ್ನಮ್ಮ. ಅವಳು ಸುಳ್ಳು ಹೇಳುತ್ತಿದ್ದಾಳೆಂದು ಅವನ ತಲೆಗೆ ಆ ಕ್ಷಣವೇ ತಿಳಿಯಿತು. ಕಾಲಿಗೆ ತಿಳಿಯಲಿಲ್ಲ. ಹೊನ್ನಮ್ಮ ಕೂಗಿದಳೆಂದರೆ ಆನೆ ಇದೆ, ಕಾಲಿಗೆ ಗೊತ್ತಿದ್ದದ್ದು ಅಷ್ಟೆ. ಎಡಗಾಲು ಪಲ್ಲಕ್ಕಿಯಿಂದ ಇಳಿಯಿತು. ಓಡುವ ಪಟ್ಟಿಯ ಮೇಲೆ ಊರಿತು, ಒತ್ತಿತು, ಎದ್ದು ಮುಂದೆ ಹೋಯಿತು, ಮತ್ತೆ ಊರಿತು. ಹಸಿರು ಅರ್ಧ ಪಟ್ಟಿ ದಾಟಿತು.

"ಸರ್, ನೋಡಿ! ಸರ್!" ಎಂದು ಕಿಟಕಿಯಿಂದ ವಾಪಸು ಬಂದ ದಿವ್ಯಶ್ರೀ ಕೂಗಿದಳು. "ಪಾರ್ಕ್ ಸೀನೇ ಸರ್! ನೀವು ಹೇಳಿದ ಪಾರ್ಕೇ!"

ಡಾಕ್ಟರು ಮೇಜಿನ ಮೇಲಿಂದಲೇ ನೋಡಿದರು. ಆಮೇಲೆ ಒಂದೊಂದೇ ಕಾಲು ಇಳಿಬಿಟ್ಟು ಕೆಳಗೆ ಬಂದರು, ಕೋಟು ಎಳೆದುಕೊಂಡರು, ಕಂಪ್ಯೂಟರಿನ ಗೆರೆಯನ್ನು ಬಹಳ ಹೊತ್ತು ನೋಡಿದರು. ಮೊದಲ ಸಲ ಉತ್ತಯ್ಯನ ಮುಖವನ್ನೂ ನೋಡಿದರು.

"ಇವರದ್ದು ಮುಂದುವರಿಸಿ," ಎಂದರು. ಬಾಗಿಲಲ್ಲಿ ನಿಂತಿದ್ದ ಹೊನ್ನಮ್ಮನ ಕಡೆ ತಿರುಗಿದಾಗ ಅವರ ಬಾಯಲ್ಲಿ ಬಂದದ್ದು ಕುಟ್ಟದ ಕನ್ನಡವೇ. "ಎಂತ ಅಮ್ಮ ನೀವು? ಆ ವಿಷಯದಲ್ಲಿ ಸುಳ್ಳು ಹೇಳುದುಂಟಾ?"

"ಸುಳ್ಳಲ್ಲ ಡಾಕ್ಟ್ರೆ," ಎಂದಳು ಹೊನ್ನಮ್ಮ. "ಸ್ವಲ್ಪ ಮುಂಚೆ ಹೇಳಿದೆ ಅಷ್ಟೆ. ಹೇಗೂ ಇವತ್ತಲ್ಲ ನಾಳೆ ಬರ್ತದೆ."

ಜೀಪಿನಲ್ಲಿ ಮನೆಗೆ ಹೋಗುವಾಗ ಉತ್ತಯ್ಯ ಹೆಂಡತಿಯ ಕಡೆ ತಿರುಗಿದ. "ನಂಗೋಸ್ಕರ ಅಷ್ಟು ದೊಡ್ಡ ಸುಳ್ಳು ಹೇಳಿದ್ಯಲ್ಲ," ಎಂದ.

"ನಿಮಗೋಸ್ಕರ ಯಾರು ಹೇಳಿದ್ದ್?" ಎಂದಳು ಹೊನ್ನಮ್ಮ. "ನಿಮ್ಮ ಹಿಡ್ದು ಹಿಡ್ದು ನನ್ನ ಸೊಂಟ ಹೋಗುಟ್ಟು."

ಉತ್ತಯ್ಯ ಕಿಟಕಿಯ ಕಡೆ ತಿರುಗಿದ. ಕಷ್ಟವೆಲ್ಲ ತನ್ನೊಬ್ಬನದೇ ಎಂದು ಇಷ್ಟು ದಿನ ಅಂದುಕೊಂಡಿದ್ದವನಿಗೆ ಅವಳ ಸೊಂಟ ನೆನಪಾದದ್ದು ಅಂದೇ ಮೊದಲು.

ಮೇನ್ ರೋಡು ಒಂದೇ ದಿನಕ್ಕೆ ತೆರೆಯಲಿಲ್ಲ. ಎದ್ದ, ಬಿದ್ದ, ಮಿಷನ್ನನ್ನು ಬೈದ, ಮತ್ತೆ ಹೋದ. ಕಾಫಿ ಪಿಕ್ಕಿಂಗ್ ಮುಗಿಯುವ ಹೊತ್ತಿಗೆ ಎಡಗಾಲು ಆನೆಯಿಲ್ಲದೆಯೂ ಉತ್ತಯ್ಯನ ಮಾತು ಕೇಳಲು ಶುರುಮಾಡಿತು. ಎಲ್ಲ ಮಾತನ್ನೂ ಅಲ್ಲ. ಎಳೆದುಕೊಂಡು, ಮುನಿಸಿಕೊಂಡು, ಒಂದು ಕೋಲಿನ ಸಹಾಯದಿಂದ.

ಒಂದು ಬೆಳಿಗ್ಗೆ ಅವನು ಯಾರಿಗೂ ಹೇಳದೆ ಕೋಲು ಹಿಡಿದು ಅಂಗಳ ದಾಟಿದ. ತೋಟದ ಮೊದಲ ಸಿಲ್ವರ್ ಮರದ ಹತ್ತಿರ ಬಂದು ನಿಂತ. ಕೋಲನ್ನು ಮರಕ್ಕೆ ಒರಗಿಸಿದ. ಎರಡು ಕಾಲ ಮೇಲೆ, ಯಾರ ಕೈಯೂ ಇಲ್ಲದೆ, ನಿಂತಿದ್ದ. ಎದೆ ತುಂಬಿ ಬಂತು. ಪಂಚೆ ಸರಿಸಿದ.

ಏನೂ ಬರಲಿಲ್ಲ.

ಕಾದ. ಗಂಟಲು ಸರಿಮಾಡಿಕೊಂಡ. ಆ ಕಡೆ ಈ ಕಡೆ ನೋಡಿದ. ಹೊಟ್ಟೆ ತುಂಬ ಇದೆ, ಬರುವುದಿಲ್ಲ. ಇಷ್ಟು ತಿಂಗಳು ಬೆನ್ನ ಹಿಂದೆ ಒಂದು ಜೀವ ನಿಂತು ಅಭ್ಯಾಸವಾದ ಮೈ, ಈಗ ಬೆನ್ನ ಹಿಂದೆ ಬರೀ ಗಾಳಿ ಎಂದು ಹಟ ಹಿಡಿದಿತ್ತು. ಉತ್ತಯ್ಯ ಅದನ್ನೂ ಬೈದು ನೋಡಿದ. ಕೊನೆಗೆ ಮನೆಯ ಕಡೆ ಕೂಗಿದ.

"ಏ ಹೊನ್ನಮ್ಮಾ!"

ಅವಳು ಕೈಯಲ್ಲಿ ಸೌಟು ಹಿಡಿದೇ ಓಡಿಬಂದಳು. ಮರದ ಹತ್ತಿರ ಒಬ್ಬನೇ ನಿಂತಿದ್ದವನನ್ನು ಕಂಡು ಅಂಗಳದ ತುದಿಯಲ್ಲಿ ನಿಂತುಬಿಟ್ಟಳು.

"ಬಿದ್ದರಾ ಎಂತ?"

"ಬೀಳ್ಲಿಲ್ಲೆ. ಹಿಡಿಯುದು ಬೇಡ," ಎಂದ ಉತ್ತಯ್ಯ, ತಿರುಗದೆ. "ಸುಮ್ನೆ... ಸ್ವಲ್ಪ ಹೊತ್ತು ಅಲ್ಲೇ ನಿಲ್."

ಹೊನ್ನಮ್ಮ ಸೌಟು ಹಿಡಿದುಕೊಂಡು ಅಲ್ಲೇ ನಿಂತಳು. ನೋಡಲು ಹಂಚಿಲ್ಲದೆ ಮರದ ತುದಿ ನೋಡಿದಳು.

"ಇದಕ್ಕಾ," ಎಂದಳು, "ನಾನ್ ಅಷ್ಟು ದೊಡ್ಡ ಡಾಕ್ಟ್ರನ್ನ ಮೇಜು ಹತ್ತಿಸಿದ್ದ್?"

ಉತ್ತಯ್ಯನಿಗೆ ನಗು ತಡೆಯಲಾಗಲಿಲ್ಲ. ನಗುತ್ತಿದ್ದಂತೆ ಬರಬೇಕಾದದ್ದೂ ಬಂತು.